ತಪ್ಪಿಗೊಂದು ಶಾಲು

ಅಕ್ಕೋರನ್ನು ನಾನು ಕೊನೆಯ ಸಲ ನೋಡಿದ್ದು ನ್ಯೂಮಾರ್ಕೆಟ್ಟಿನ ಒಂದು ಶವಸಂಸ್ಕಾರದ ಹಾಲ್‌ನಲ್ಲಿ. ಹೊರಗೆ ಮಾರ್ಚ್ ತಿಂಗಳ ಮಾಸಲು ಹಿಮ. ಒಳಗೆ, ಹೆಜ್ಜೆಯ ಸದ್ದೇ ಕೇಳದಷ್ಟು ದಪ್ಪದ ಕಾರ್ಪೆಟ್ಟು. ಬಂದವರೆಲ್ಲ ಬೂಟು ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲೇ ತಡವರಿಸುತ್ತಿದ್ದರು. ಅಲ್ಲೊಂದು ಬೋರ್ಡಿನ ಮೇಲೆ ಅವರ ಪೂರ್ತಿ ಹೆಸರಿತ್ತು. ಅದನ್ನು ಓದಿ, ಯಾರದೋ ಬೇರೆಯವರ ಹಾಲ್‌ಗೆ ಬಂದುಬಿಟ್ಟೆವೇನೋ ಅನ್ನಿಸಿತು. ನಮಗೆಲ್ಲ ಅವರು ಬರೀ ಅಕ್ಕೋರು. ಧಾರವಾಡದ ಕಡೆ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ.

ಇಳಕಲ್ ಸೀರೆ ಉಡಿಸಿದ್ದರು. ಅದರ ಮೇಲೆ ಎದೆಯವರೆಗೆ ಕೆನೆಬಣ್ಣದ, ಜರಿಯಂಚಿನ ಶಾಲು. ಅಂಚಿನ ಒಂದು ಮೂಲೆಯಲ್ಲಿ ಜರಿ ಕಿತ್ತುಹೋಗಿ ದಾರ ನೇತಾಡುತ್ತಿತ್ತು. ನಮ್ಮ ಹಿಂದೆ ನಿಂತಿದ್ದ ಹೆಂಗಸೊಬ್ಬರು, "ಸನ್ಮಾನದ ಶಾಲಲ್ವಾ ಅದು? ಆತುರದಲ್ಲಿ ಬೇರೆ ಸಿಗ್ಲಿಲ್ವೇನೋ ಪಾಪ," ಎಂದು ಗಂಡನಿಗೆ ಪಿಸುಗುಟ್ಟಿದರು. ನನ್ನ ಮಗಳು ನಿಧಿ ತಿರುಗಿ ಅವರನ್ನು ಒಮ್ಮೆ ನೋಡಿದಳು. ಆ ಶಾಲು ಎಷ್ಟು ಜನರ ಹೆಗಲ ಮೇಲೆ ಕೂತು ಬಂದದ್ದು ಎಂದು ಅಲ್ಲಿದ್ದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು.

ನಾವು ಮೈಸೂರಿನಿಂದ ಈ ಹಿಮದ ದೇಶಕ್ಕೆ, ಮೆಡೋವೇಲ್‌ಗೆ ಬಂದ ಹೊಸತು. ಬೆಳಿಗ್ಗೆ ಇವರು ಆಫೀಸಿಗೆ, ನಿಧಿ ಒಂದನೇ ಕ್ಲಾಸಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಬಿಸಿಗಾಳಿ ಊದುವ ಫರ್ನೇಸು. ಅದು ನಿಟ್ಟುಸಿರಿನಂತೆ ಶುರುವಾಗಿ, ಏನೋ ಹೇಳಲು ಬಂದು ಮರೆತವರಂತೆ ನಿಲ್ಲುತ್ತಿತ್ತು. ಮತ್ತೆ ಯಾವಾಗ ಶುರುವಾಗುತ್ತದೆ ಎಂದು ಕಾಯುವುದೇ ಒಂದು ಕೆಲಸ. ಒಂದು ದಿನ ರೀಸೈಕ್ಲಿಂಗಿನ ನೀಲಿ ಡಬ್ಬವನ್ನು ಮಂಜುಗಡ್ಡೆಯ ಮೇಲೆ ಎಳೆಯುತ್ತ ಜಾರಿದೆ. "ಅಯ್ಯೋ ರಾಮ," ಎಂದು ಗೊಣಗಿಕೊಂಡಿರಬೇಕು.

"ಯಾವೂರವಾ ನಿಂದು?"

ತಿರುಗಿದರೆ, ಬೀದಿಗೆಲ್ಲ ಸೇರಿ ಇರುವ ಟಪಾಲು ಪೆಟ್ಟಿಗೆಯ ಹತ್ತಿರ ಒಬ್ಬ ಅಜ್ಜಿ. ಸೀರೆಯ ಕೆಳಗೆ ಗಂಡಸರ ಸ್ನೋ ಬೂಟು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಪಿಜ್ಜಾ ಅಂಗಡಿಯ ಜಾಹೀರಾತು.

"ಮೈಸೂರು," ಅಂದೆ.

"ಹಂಗಾರ ನನ್ನ ಮಾತು ನಿನಗ ಅರ್ಧಾ ತಿಳೀತದ. ಇಲ್ಲಿ ಅರ್ಧಾ ತಿಳಿಯೋರು ಸಿಕ್ಕರೂ ಭಾಳಾತು."

ಅವರಿಗೆ ಟಪಾಲು ಬರುತ್ತಲೇ ಇರಲಿಲ್ಲ. ಆದರೂ ದಿನಾ ಹೋಗಿ ಪೆಟ್ಟಿಗೆ ತೆಗೆಯುತ್ತಿದ್ದರು. ಬಂದ ಜಾಹೀರಾತುಗಳನ್ನು ದಿನಪತ್ರಿಕೆಯ ಹಾಗೆ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ, ಮೊಮ್ಮಗ ರೋಹನ್‌ನನ್ನು ನೋಡಿಕೊಳ್ಳಲೆಂದು ಮಗ ಕರೆಸಿಕೊಂಡಿದ್ದ. ಬೂಟು ಮಗನದು. ನಮ್ಮ ಮನೆಯ ಎದುರು ಸಾಲಿನಲ್ಲೇ ಅವರ ಮನೆ. ಆಮೇಲೆ ಹಗಲಲ್ಲಿ ಇಬ್ಬರೂ ನಮ್ಮ ನಮ್ಮ ಕಿಟಕಿಗೆ ಬರುವುದು, ಅವರು ಪರದೆಯ ತುದಿ ಹಿಡಿದು ಎರಡು ಸಲ ಅಲ್ಲಾಡಿಸುವುದು, ನಾನೂ ಅಲ್ಲಾಡಿಸುವುದು ರೂಢಿಯಾಯಿತು. ಕೆಲವು ದಿನ ನನ್ನ ಇಡೀ ಹಗಲಿನ ಸಂಭಾಷಣೆ ಅಷ್ಟೇ.

ನಿಧಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಶಾಲೆಯ ಮೊದಲ ದಿನ ಟೀಚರು ಕ್ಲಾಸಿನೊಳಗೆ ಬಂದಾಗ, ಮೈಸೂರಿನಲ್ಲಿ ಮಾಡುತ್ತಿದ್ದ ಹಾಗೆ, ನಿಧಿ ಎದ್ದು ನಿಂತು ಕೈಕಟ್ಟಿ, "ಗುಡ್ ಮಾರ್‌ನಿಂಗ್ ಟೀ...ಚರ್" ಎಂದು ರಾಗವಾಗಿ ಹೇಳಿದ್ದಾಳೆ. ಬೇರೆ ಯಾರೂ ಎದ್ದಿಲ್ಲ. ಎಲ್ಲ ಮಕ್ಕಳೂ ನಕ್ಕಿದ್ದಾರೆ. ಕೆಟ್ಟ ನಗುವೇನೂ ಇರಲಾರದು, ಆರು ವರ್ಷದ ಮಕ್ಕಳದು. ಆದರೆ ಅವಳು ಕೂತವಳು ಮತ್ತೆ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ದೀಪಾವಳಿ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಬಾಯಾರಿದರೂ ನೀರು ಕೇಳುತ್ತಿರಲಿಲ್ಲ. ಟೀಚರು ನಮ್ಮನ್ನು ಕರೆಸಿ, ಬಹಳ ಮೆತ್ತಗೆ, ಮಾತಿನ ತೊಂದರೆ ಏನಾದರೂ ಇದೆಯೇ ಎಂದು ತಜ್ಞರಿಗೆ ತೋರಿಸಿ ನೋಡೋಣ ಎಂದರು. ನನ್ನ ಕಾನ್ವೆಂಟಿನ ಇಂಗ್ಲಿಷು ಆ ಹೊತ್ತಿಗೆ ಎಲ್ಲಿಗೆ ಹೋಯಿತೋ. "ಯೆಸ್ ಮಿಸ್, ನೋ ಮಿಸ್" ಬಿಟ್ಟು ನನಗೂ ಏನೂ ಹೊರಡಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ತಪ್ಪಿದ ಪದಕ್ಕೆ ಕೆಂಪು ಶಾಯಿಯಲ್ಲಿ ಗುಂಡಗೆ ಸುತ್ತು ಹಾಕುತ್ತಿದ್ದರು. ಬಾಯಿ ತೆರೆದಾಗಲೆಲ್ಲ ನನಗೆ ಇವತ್ತಿಗೂ ಆ ಸುತ್ತು ಕಾಣುತ್ತದೆ. ಮಗಳಿಗೆ ಅದು ನನ್ನಿಂದಲೇ ಬಂತೇನೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಅಕ್ಕೋರಿಗೆ ಹೇಳಿದ್ದು ಟಪಾಲು ಪೆಟ್ಟಿಗೆಯ ಹತ್ತಿರವೇ. ಅವರು ಸಮಾಧಾನ ಹೇಳಲಿಲ್ಲ.

"ಊಟದ ಟೇಬಲ್ಲಿಗೆ ಕುರ್ಚಿ ಎಷ್ಟವ ನಿನ್ನ ಕಡೆ?" ಎಂದು ಕೇಳಿದರು.

"ಆರು."

"ಸಾಕು. ಶನಿವಾರ ಹತ್ತಕ್ಕ ಬರ್ತೀನಿ. ನಮ್ಮನ್ಯಾಗ ಆಗೂದಿಲ್ಲ, ಮಗಾ ಸೊಸಿ ವಾರವೆಲ್ಲಾ ದುಡದು ಮಲಗಿರ್ತಾರ. ರೋಹನ್ನ ಎಳಕೊಂಡ ಬರ್ತೀನಿ. ಇನ್ನೂ ನಾಕು ಹುಡುಗ್ರು ನೀ ಹುಡುಕು. ಇಕಿ ಒಬ್ಬಾಕಿಗೇ ಪಾಠ ಅಂದ್ರ ಇಕಿ ಓಡಿಹೋಗ್ತಾಳ."

ಹೀಗೆ ನಮ್ಮ ಊಟದ ಮನೆಯಲ್ಲಿ ಶನಿವಾರದ ಗ್ರಾಮರ್ ಶುರುವಾಯಿತು. ಕರಿಹಲಗೆ ಇಲ್ಲ, ಪುಸ್ತಕ ಇಲ್ಲ. ಕುರ್ಚಿಗಳನ್ನು ರೈಲಿನ ಹಾಗೆ ಒಂದೇ ಸಾಲಿನಲ್ಲಿ ಇಡಿಸಿದರು. ಒಂದೊಂದು ಕುರ್ಚಿಯೂ ಒಂದು ಪದ, ಕೂತ ಮಗುವೇ ಆ ಪದ. "ಗ್ರಾಮರ್ ಅಂದ್ರ ಪೊಲೀಸ್ ಅಂತ ತಿಳೀಬ್ಯಾಡ್ರಿ. ಅದು ಬೀಗರಿದ್ದಂಗ. ಯಾಕ ಹಿಂಗ ಅಂತ ಕೇಳಬಾರ್ದು, ಕೂತು ಮಜಾ ನೋಡಬೇಕು," ಎನ್ನುತ್ತಿದ್ದರು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವುದನ್ನೂ ಮುಂದೂಡಿ ಕೇಳುತ್ತಿದ್ದೆ, ಚಟಪಟ ಸದ್ದಿಗೆ ಒಂದು ಮಾತು ತಪ್ಪಿಹೋದೀತೆಂದು.

'ಡೂ' ಎಂಬ ಪದದ ಮೇಲೆ ಅವರಿಗೆ ವಿಶೇಷ ಮಮತೆ. "ನೀ ಚಾ ಕುಡೀತೀ ಏನು ಅಂತ ಕನ್ನಡದಾಗ ನಾವ ಕೇಳ್ತೀವಿ. ಇಂಗ್ಲಿಷಿಗೆ ಒಂದು ಪ್ರಶ್ನೆ ಕೇಳೂ ಧೈರ್ಯ ಇಲ್ಲ. ಇಲ್ಲ ಅನ್ನೂ ಧೈರ್ಯನೂ ಇಲ್ಲ. ಬಾಜೂಮನಿ 'ಡೂ'ನ ಕರಕೊಂಡ ಬಂದು ಮುಂದ ನಿಂದರಸ್ತದ. ಡೂ ಯೂ ಡ್ರಿಂಕ್ ಟೀ. ಐ ಡೂ ನಾಟ್ ಡ್ರಿಂಕ್ ಟೀ. ಪಾಪ, ಆ 'ಡೂ' ಚಾ ಕುಡ್ಯಂಗಿಲ್ಲ, ಏನಿಲ್ಲ. ಬರೇ ಜೊತಿಗೆ ಬಂದು ಹೋಗ್ತದ." ಒಬ್ಬ ಹುಡುಗ ಇಡೀ ಬೆಳಿಗ್ಗೆ 'ಡೂ' ಆಗಿ ಯಾರು ಪ್ರಶ್ನೆ ಕೇಳಿದರೂ ಓಡಿಹೋಗಿ ಮುಂದೆ ನಿಲ್ಲುತ್ತಿದ್ದ.

ಇನ್ನೊಂದು ಸಲ ಒಂದು ನಾಯಿಗೆ ವಿಶೇಷಣಗಳನ್ನು ಹಚ್ಚಿದರು. ದೊಡ್ಡದು ಒಬ್ಬ, ಮುದಿ ಒಬ್ಬಳು, ಕಂದು ಒಬ್ಬ. ಬೇಕಾದ ಹಾಗೆ ನಿಂತುಕೊಳ್ಳಿ ಎಂದರು. "ಬ್ರೌನ್ ಓಲ್ಡ್ ಬಿಗ್ ಡಾಗ್" ಎಂದಾಗ ಎಲ್ಲ ಮಕ್ಕಳೂ ಮುಖ ಕಿವುಚಿದರು. ತಾವಾಗಿ ಒಬ್ಬರನ್ನೊಬ್ಬರು ತಳ್ಳಿಕೊಂಡು "ಬಿಗ್ ಓಲ್ಡ್ ಬ್ರೌನ್" ಆಗಿ ನಿಂತರು.

"ಯಾರು ಹೇಳಿಕೊಟ್ರು ನಿಮಗ ಈ ಪಾಳಿ, ಈ ಸಾಲು?"

"ನೋಬಡಿ, ಅಜ್ಜಿ. ಇಟ್ ಜಸ್ಟ್ ಸೌಂಡ್ಸ್ ರಾಂಗ್," ಎಂದ ರೋಹನ್.

ಅಕ್ಕೋರು ನನ್ನ ಕಡೆ ತಿರುಗಿ, "ನಾ ಇದನ್ನ ಉರು ಹೊಡದು ಪರೀಕ್ಷಾ ಪಾಸಾಗೀನಿ. ಇವರು ಹಾಲಿನ ಜೋಡಿ ಕುಡದಾರ," ಎಂದರು. ಹೊಟ್ಟೆಕಿಚ್ಚಿಲ್ಲದೆ, ಸುಮ್ಮನೆ ಸಂತೋಷಪಟ್ಟು. "ಈ ಊರಾಗ ಬಸ್ಸಿಗೂ ಪಾಳಿ, ಶಬ್ದಕ್ಕೂ ಪಾಳಿ. ನಮ್ಮ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಈ ನಾಯಿ ಹತ್ತಿದ್ರ ಬಾಲ ಮೊದಲು ಹತ್ತತಿತ್ತು."

ನಿಧಿಗೆ ಅವರು ಕೊಟ್ಟಿದ್ದು 'ಇಟ್' ಎಂಬ ಕುರ್ಚಿ. ಅವತ್ತು ಕಿಟಕಿಯಾಚೆ ಹಿಮ ಬೀಳುತ್ತಿತ್ತು.

"ಇಟ್ ಈಸ್ ಸ್ನೋಯಿಂಗ್. ಯಾರು ಸ್ನೋಯಿಂಗ್ ಮಾಡ್ಲಿಕ್ಕತ್ತಾರ? ದೇವರೇನು? ಮೇಯರೇನು? ಯಾರೂ ಇಲ್ಲ. ಆದ್ರ ಇಂಗ್ಲಿಷಿಗೆ ಮೊದಲ ಕುರ್ಚಿ ಖಾಲಿ ಇದ್ರ ತಡಕೊಳ್ಳಿಕ್ಕೆ ಆಗೂದಿಲ್ಲ. ಅದಕ್ಕ 'ಇಟ್'ನ ಕರದು ಕೂಡಿಸ್ತದ. ಅದು ಏನೂ ಮಾಡಬೇಕಾಗಿಲ್ಲ. ಮಾತಾಡಬೇಕಾಗಿಲ್ಲ. ಆದ್ರ ಅದು ಎದ್ದು ಹೋತಂದ್ರ ಹಿಮಾನೂ ಬೀಳೂದಿಲ್ಲ, ಚಳೀನೂ ಇಲ್ಲ, ಟೈಮೂ ಆಗೂದಿಲ್ಲ. ನಿಧೀ, ನೀ ಕೂಡ ಬಾರವಾ ಇಲ್ಲಿ."

ನಿಧಿ ಕೂತಳು. ಸುಮ್ಮನೆ, ಕೈ ಮಡಿಚಿಕೊಂಡು, ಬೆನ್ನು ನೆಟ್ಟಗೆ ಮಾಡಿ. ಬೇರೆ ಮಕ್ಕಳು ಬದಲಾಗುತ್ತಿದ್ದರು, ಅವಳ ಕುರ್ಚಿ ಬದಲಾಗಲಿಲ್ಲ. ಹಲವಾರು ಶನಿವಾರ ಅವಳು ಆ ಕುರ್ಚಿಯಿಂದ ಎಲ್ಲವನ್ನೂ ನೋಡಿದಳು. ಒಂದು ಸಲವೂ ಅಕ್ಕೋರು, "ಏನರೆ ಹೇಳು" ಎನ್ನಲಿಲ್ಲ. ನನಗೇ ತಡೆಯದೆ ಅಡುಗೆಮನೆಯಿಂದ, "ಹೇಳು ಪುಟ್ಟಾ, ನಿಂಗೆ ಗೊತ್ತಲ್ವಾ," ಎಂದದ್ದಕ್ಕೆ ಅವರು ಹುಬ್ಬೇರಿಸಿ, "ಅಡಗಿಮನ್ಯಾಗ ಸಾರು ಸೀದು ಹೊಂಟದ ಅನಸ್ತದ," ಎಂದರು.

ಇನ್ನು ಶಾಲಿನ ಮಾತು. ಅದು ಅವರು ನಿವೃತ್ತರಾದ ದಿನ ಶಾಲೆಯಲ್ಲಿ ಹೊದಿಸಿದ್ದು. ನಮ್ಮವರಿಗೆ ಇದೇನೂ ಗೊತ್ತಿಲ್ಲದ್ದಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಸನ್ಮಾನಿತರಿಂದ ಎರಡು ಮಾತು. ಎಷ್ಟೋ ಮನೆಗಳಲ್ಲಿ ಅಂಥ ಶಾಲುಗಳು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಮಲಗಿರುತ್ತವೆ. ಅಕ್ಕೋರು ಅದನ್ನು ಇಲ್ಲಿಗೆ ಹೊತ್ತುಕೊಂಡು ಬಂದಿದ್ದರು. ಅವರ ಕ್ಲಾಸಿನ ಕಾನೂನು ಒಂದೇ. ತಪ್ಪು ಮಾಡಿದವರಿಗೆ ಸನ್ಮಾನ.

ಮೊದಲ ಸಲ ಅದು ಬಿದ್ದದ್ದು ರೋಹನ್‌ನ ಹೆಗಲಿಗೆ. "ಐ ಕ್ಯಾಚ್ಡ್ ದ ಬಾಲ್" ಎಂದಿದ್ದ. ಉಳಿದವರು ನಗುವ ಮೊದಲೇ ಅಕ್ಕೋರು ಅವನನ್ನು ನಿಲ್ಲಿಸಿ, ಶಾಲು ಹೊದಿಸಿ, ಕೈಯಲ್ಲಿ ಒಂದು ಪುಟ್ಟ ಕಿತ್ತಳೆ ಇಟ್ಟು, ಚಪ್ಪಾಳೆ ತಟ್ಟಿಸಿದರು.

"ಅಜ್ಜಿ, ದಿಸ್ ಈಸ್ ಸೋ ವಿಯರ್ಡ್."

"ಸುಮ್ಮ ನಿಂದ್ರು. ಎಲ್ಲಾರೂ ಕೇಳ್ರಿ. ವಾಕ್ ವಾಕ್ಡ್ ಆಗ್ತದ, ಟಾಕ್ ಟಾಕ್ಡ್ ಆಗ್ತದ, ಅಂದಮ್ಯಾಲ ಕ್ಯಾಚ್ ಕ್ಯಾಚ್ಡ್ ಆಗಬೇಕಿತ್ತೋ ಇಲ್ಲೋ? ಇಂವ ತಪ್ಪು ಮಾಡಿಲ್ಲ. ಇಂಗ್ಲಿಷ್ ತಪ್ಪು ಮಾಡೇದ, ಇಂವ ರಿಪೇರಿ ಮಾಡ್ಯಾನ. ಆದ್ರ ಅದು ಕೇಳೂದಿಲ್ಲ, ಭಾಳ ಹಟಮಾರಿ, ಕಾಟ್ ಅಂತದ. ಈಗ ಸನ್ಮಾನಿತರಿಂದ ಎರಡು ಮಾತು."

ರೋಹನ್ ಎರಡು ಮಾತು ಹೇಳಿದ. "ಥ್ಯಾಂಕ್ಸ್. ಕ್ಯಾನ್ ಐ ಸಿಟ್?"

ಒಂದು ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳು ಶಾಲಿಗಾಗಿ ಜಗಳವಾಡುತ್ತಿದ್ದರು. ಮೌಸಸ್, ಫೂಟ್ಸ್, ಟೂತ್ಸ್. ತಪ್ಪಿಗೆ ಒಂದು ಕಾರಣವೂ ಇರಬೇಕು, ಸುಮ್ಮನೆ ಬಾಯಿಗೆ ಬಂದದ್ದಕ್ಕೆ ಶಾಲಿಲ್ಲ. ಕಿತ್ತಳೆ ಪೆಟ್ಟಿಗೆ ಖಾಲಿಯಾಗಿ ಇವರು, "ಗ್ರಾಮರ್‌ಗೆ ಇಷ್ಟು ವಿಟಮಿನ್ ಸಿ ಬೇಕಾ?" ಎಂದು ನಗುತ್ತಿದ್ದರು.

ಆ ಬೆಳಿಗ್ಗೆ ನಾನು ಕೈ ಒರೆಸಿಕೊಂಡು ಬಾಗಿಲಿಗೆ ಬಂದಿದ್ದೆ, ಅಷ್ಟೇ. ಅಕ್ಕೋರು ಯಾರನ್ನೋ, ನಿನ್ನೆ ಏನು ತಿಂದೆ ಎಂದು ಕೇಳುತ್ತಿದ್ದರು. 'ಇಟ್' ಕುರ್ಚಿಯಿಂದ, ಸಣ್ಣಗೆ, ಆದರೆ ಸ್ಪಷ್ಟವಾಗಿ, ಒಂದು ದನಿ ಬಂತು.

"ಐ ಈಟೆಡ್ ಸ್ನೋ."

ಮಕ್ಕಳೆಲ್ಲ ತಿರುಗಿದರು. ಅಕ್ಕೋರು ಏನೂ ದೊಡ್ಡದು ಆಗಿಯೇ ಇಲ್ಲವೆಂಬಂತೆ ಎದ್ದರು, ಶಾಲಿನ ಮಡಿಕೆ ಕೊಡವಿದರು, ನಿಧಿಯನ್ನು ನಿಲ್ಲಿಸಿ ಹೊದಿಸಿದರು. ಅದು ಅವಳ ಪಾದದವರೆಗೂ ಬಂತು. ಪೆಟ್ಟಿಗೆಯಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡ ಕಿತ್ತಳೆಯನ್ನು ಅವಳ ಕೈಗಿಟ್ಟರು.

"ಸನ್ಮಾನಿತರಿಂದ ಎರಡು ಮಾತು," ಅಂದರು.

ನಿಧಿ ಕಿತ್ತಳೆಯನ್ನು ಎದೆಗೊತ್ತಿಕೊಂಡು ನೆಲ ನೋಡಿದಳು. ಆಮೇಲೆ ಕತ್ತೆತ್ತಿ, "ಗುಡ್ ಮಾರ್‌ನಿಂಗ್ ಟೀ...ಚರ್," ಎಂದಳು. ಅದೇ ರಾಗದಲ್ಲಿ.

ನಾನು ಬಾಗಿಲಿನಿಂದ ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅಕ್ಕೋರು ಬೆರಳಿನಿಂದ ಮಕ್ಕಳಿಗೆ ಏಳುವಂತೆ ಸನ್ನೆ ಮಾಡಿದ್ದರು. ಐದೂ ಕುರ್ಚಿ ಕಿರುಗುಟ್ಟಿದವು. ಅವರ ಜೊತೆ ಎಲ್ಲ ಮಕ್ಕಳೂ ಕೈಕಟ್ಟಿ, "ಗುಡ್ ಮಾರ್‌ನಿಂಗ್ ನಿ...ಧಿ," ಎಂದು ಹಾಡಿದರು. ರೋಹನ್ ಎಲ್ಲರಿಗಿಂತ ಉದ್ದ ಎಳೆದ. ಈ ಸಲ ನಗು ಶುರು ಮಾಡಿದವಳು ನಿಧಿ.

ಮರುದಿನ ತಲೆ ಬಾಚುತ್ತಿದ್ದಾಗ ಅವಳು ಹೇಳಿದಳು: "ಅಮ್ಮ, ನಂಗೆ 'ಈಟೆಡ್' ಅಲ್ಲ, 'ಏಟ್' ಅನ್ನೋದು ಗೊತ್ತಿತ್ತು. ಬೇಕು ಅಂತಾನೇ ತಪ್ಪು ಹೇಳ್ದೆ. ಅಕ್ಕೋರಿಗೆ ಹೇಳ್ಬೇಡ."

ಹೇಳಲಿಲ್ಲ. ಅವರಿಗೆ ಗೊತ್ತಿಲ್ಲದೇ ಇರುತ್ತದೆಯೇ.

ಒಮ್ಮೆ ಆ ಶಾಲು ನನ್ನ ಹೆಗಲಿಗೂ ಬಂತು. ಮಕ್ಕಳೆಲ್ಲ ಹೋಗಿದ್ದರು. ನಾನು ಕುರ್ಚಿಗಳನ್ನು ಮತ್ತೆ ಟೇಬಲ್ಲಿಗೆ ಸೇರಿಸುತ್ತಿದ್ದೆ. ಅಕ್ಕೋರು ಚಹಾದ ಕಪ್ಪು ಹಿಡಿದು ನನ್ನನ್ನೇ ನೋಡುತ್ತ, "ಹುಡುಗೀದೇನೋ ಆತು. ನೀ ಹೆಂಗಿದ್ದೀಯವಾ?" ಎಂದರು.

"ಐ ಆಮ್ ಫೈನ್, ಅಕ್ಕೋರೇ," ಅಂದೆ. ಕಾನ್ವೆಂಟಿನಲ್ಲಿ ಹೇಳಿಕೊಟ್ಟ ಹಾಗೆ.

"ತಪ್ಪು," ಎಂದರು.

ಎದ್ದು ಬಂದು ಶಾಲು ಹೊದಿಸಿದರು. ಅದಕ್ಕೆ ವಿಕ್ಸ್ ಮತ್ತು ಕಿತ್ತಳೆ ಸಿಪ್ಪೆಯ ವಾಸನೆಯಿತ್ತು. ಹಣ್ಣನ್ನೂ ಕೈಯಲ್ಲಿಟ್ಟು, "ಎರಡು ಮಾತು," ಎಂದು ಕುರ್ಚಿ ಎಳೆದು ಎದುರಿಗೆ ಕೂತರು. ನಾನು ಬಾಯಿ ತೆರೆದೆ. ಅಳು ಮಾತ್ರ ಬಂತು. ಅವರು ಕಾದರು. ಚಹಾ ತಣ್ಣಗಾಯಿತು. ಫರ್ನೇಸು ಎರಡು ಸಲ ಶುರುವಾಗಿ ನಿಂತಿತು. ಕೊನೆಗೆ, "ಇರ್ಲಿ, ಇದೂ ಭಾಷಣನ," ಎಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟು ಅರ್ಧ ತಾವು ತಿಂದರು. "ನಾನೂ ಮಗಗ ದಿನಾ ಇದ ಸುಳ್ಳು ಹೇಳ್ತೀನಿ. ನನಗ ಯಾರು ಹೊದಸ್ತಾರ?" ಎಂದು ನಕ್ಕರು. ಎದ್ದು ಬೂಟು ಹಾಕಿಕೊಳ್ಳಲು ಅವತ್ತು ಅವರಿಗೆ ಬಹಳ ಹೊತ್ತು ಹಿಡಿಯಿತು.

ಮಕ್ಕಳು ದೊಡ್ಡವರಾದರು. ಶನಿವಾರಗಳಿಗೆ ಈಜು ಬಂತು, ಹಾಕಿ ಬಂತು. ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ರೋಹನ್ ಕೂಡ. ನಿಧಿ ಒಬ್ಬಳಿಗಾಗಿ ಅಕ್ಕೋರು ಇನ್ನೂ ಒಂದು ಚಳಿಗಾಲ ಬಂದರು, ಆರೂ ಕುರ್ಚಿಗಳನ್ನು ಸಾಲಾಗಿ ಇಡಿಸಿಯೇ. ಆಮೇಲೆ ಅವರ ಮಗನಿಗೆ ನ್ಯೂಮಾರ್ಕೆಟ್ಟಿನಲ್ಲಿ ಕೆಲಸವಾಗಿ ಮನೆ ಬದಲಾಯಿಸಿದರು. ಹೊರಡುವ ದಿನ ಶಾಲನ್ನು ನಿಧಿಯ ಕೈಗಿಟ್ಟು, "ನಿನ್ನ ಕಡೆ ಇರ್ಲಿ. ಬೇಕಂತ ತಪ್ಪು ಮಾಡೋರು ಸಿಗೂದು ಕಡಿಮಿ," ಎಂದರು.

ನಾನು ಹೈವೇಯಲ್ಲಿ ಕಾರು ಓಡಿಸುವುದಿಲ್ಲ. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ. ಎದುರು ಮನೆಯ ಕಿಟಕಿಗೆ ಹೊಸಬರು ಪರದೆ ತೆಗೆದು ಬ್ಲೈಂಡ್ಸ್ ಹಾಕಿಸಿದರು. ನಿಧಿ ಈಗ ಬೇಕಾದಷ್ಟು ಮಾತಾಡುತ್ತಾಳೆ, ಕೋಣೆಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ, "ಐ ನೋ ಮಾ," ಎನ್ನುತ್ತಾಳೆ. ಬಾಗಿಲಿನಾಚೆಯಿಂದ ಅವಳ ದನಿ ಕೇಳುವುದೂ ನನಗೆ ಸಂತೋಷವೇ. ಹೇಗೆ ಬಂದ ದನಿ ಎಂದು ನನಗೆ ಗೊತ್ತು.

ಹೋದ ವರ್ಷ ಸೊಸೆಯ ಫೋನು ಬಂತು. ಅಕ್ಕೋರಿಗೆ ಸಣ್ಣದೊಂದು ಸ್ಟ್ರೋಕ್ ಆಗಿ, ಕೈಕಾಲು ಸುಧಾರಿಸಿದರೂ ಪದಗಳು ಅದಲುಬದಲಾಗಿದ್ದವಂತೆ. ಇಂಗ್ಲಿಷಿನವೂ, ಕನ್ನಡದವೂ. ಚಷ್ಮಾ ಬೇಕಾದರೆ ಚಮಚ ಎನ್ನುವುದು, ಮಗನನ್ನು ಮಂಗಳವಾರ ಎಂದು ಕರೆಯುವುದು. ಒಮ್ಮೆ ಮನೆಗೆ ಬಂದವರ ಎದುರು ಹಾಗಾಯಿತಂತೆ. ಅಂದಿನಿಂದ ಮಾತೇ ನಿಲ್ಲಿಸಿಬಿಟ್ಟಿದ್ದರು. "ಡಾಕ್ಟರು ಮಾತಾಡಿದಷ್ಟೂ ಛಲೋ ಅಂತಾರ್ರಿ. ಇವರು ಬಾಯಿನ ತಗಿಯಂಗಿಲ್ಲ. ಹಿಂಗ ಬಿಟ್ರ ಪೂರಾ ಹೋಗ್ತದ ಅಂತ," ಎಂದು ಸೊಸೆ ಅತ್ತರು.

ಭಾನುವಾರ ಇವರು ಕಾರು ತೆಗೆದರು. ನಿಧಿ ಬರುವುದಿಲ್ಲ ಎಂದುಕೊಂಡಿದ್ದೆ, ಬೆನ್ನಿಗೆ ಚೀಲ ಹಾಕಿಕೊಂಡು ಬಂದು ಹಿಂದೆ ಕೂತಳು.

ಅಕ್ಕೋರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಸಣ್ಣಗಾಗಿದ್ದರು. ನಮ್ಮನ್ನು ನೋಡಿ ಕಣ್ಣು ಅರಳಿತು, ಎರಡೂ ಕೈ ಚಾಚಿದರು, ಆದರೆ ಮಾತಿಲ್ಲ. ಸೊಸೆ ಜೋರಾಗಿ, ಮಕ್ಕಳಿಗೆ ಹೇಳುವಂತೆ, "ಯಾರು ಬಂದಾರ ನೋಡ್ರಿ," ಎಂದರು. ಅಕ್ಕೋರು ತಲೆಯಾಡಿಸಿದರು. ನಾನು ಹವೆಯ ಬಗ್ಗೆ, ರಸ್ತೆಯ ಬಗ್ಗೆ ಒಬ್ಬಳೇ ಮಾತಾಡಿದೆ. ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ಅವರಿಗೆ ಸಹಿಸದಾಯಿತೋ ಏನೋ, ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು.

"ಛತ್ರಿ... ಛತ್ರಿ ಕುಡೀತೀರೇನು?"

ಆಡಿದ ಕೂಡಲೇ ಅವರಿಗೇ ತಿಳಿಯಿತು. ಬಾಯಿಗೆ ಅಡ್ಡ ಕೈ ಹೋಯಿತು. ಸೊಸೆ ಕಿಟಕಿಯತ್ತ ತಿರುಗಿಕೊಂಡರು. ನಾನು, "ಹ್ಞೂಂ, ಚಹಾ ಕುಡೀತೀವಿ," ಎನ್ನಲು ಹೊರಟವಳು ಅಷ್ಟರಲ್ಲಿ ನಿಂತೆ.

ನಿಧಿ ಎದ್ದು ಚೀಲದ ಜಿಪ್ಪು ತೆಗೆದಿದ್ದಳು. ಶಾಲನ್ನು ಕೊಡವಿ, ಅಕ್ಕೋರ ಹಿಂದೆ ಹೋಗಿ ಎರಡೂ ಹೆಗಲಿಗೆ ಸರಿಯಾಗಿ ಹೊದಿಸಿದಳು. ಬಾಯಿಗೆ ಅಡ್ಡ ಇಟ್ಟಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಅದರಲ್ಲಿ ಒಂದು ಕಿತ್ತಳೆ ಇಟ್ಟಳು. ಆಮೇಲೆ ಎದುರಿಗೆ ಬಂದು ಚಪ್ಪಾಳೆ ತಟ್ಟಿದಳು. ಒಬ್ಬಳೇ. ಮೆಟ್ಟಿಲ ಮೇಲೆ ನಿಂತಿದ್ದ ರೋಹನ್, ಈಗ ಆರಡಿ ಎತ್ತರದವನು, ಅಲ್ಲಿಂದಲೇ ಚಪ್ಪಾಳೆ ತಟ್ಟಿದ. ನಾವೂ ತಟ್ಟಿದೆವು.

"ಈಗ ಸನ್ಮಾನಿತರಿಂದ ಎರಡು ಮಾತು," ಎಂದಳು ನಿಧಿ. ಅವಳ ಬಾಯಿಂದ ಕನ್ನಡದ ಒಂದು ಪೂರ್ತಿ ವಾಕ್ಯ ಕೇಳಿ ಎಷ್ಟು ಕಾಲವಾಗಿತ್ತೋ.

ಅಕ್ಕೋರು ಶಾಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಮಾತಾಡಿದರು. ಛತ್ರಿ, ಬಸ್ಸು, ಮಂಗಳವಾರ, ಯಾರದೋ ಮದುವೆ, ಒಂದು ನಾಯಿ, ಎರಡೂ ಭಾಷೆ ಸೇರಿ ಪಾಳಿಯಿಲ್ಲದೆ ಬಂದವು. ಒಂದೂ ಅರ್ಥವಾಗಲಿಲ್ಲ. ಆದರೆ ಎಲ್ಲಿ ತಡೆಯಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲಿ ಸಭೆಯನ್ನು ನಗಿಸಬೇಕು ಎಲ್ಲವೂ ಸರಿಯಾಗಿತ್ತು. ನಗಬೇಕಾದಲ್ಲಿ ನಾವು ನಕ್ಕೆವು. ಕೊನೆಗೆ ಕೈಮುಗಿದು ಕೂತರು. ಸೊಸೆ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟರು. ಆ ದಿನದಿಂದ ಅವರು ಮತ್ತೆ ಮಾತಾಡತೊಡಗಿದರಂತೆ. ತಪ್ಪು ತಪ್ಪಾಗಿಯೇ, ಮನೆತುಂಬ, ಕೊನೆಯ ವಾರದವರೆಗೂ. ಶಾಲನ್ನು ನಾವು ಅಲ್ಲೇ ಬಿಟ್ಟು ಬಂದಿದ್ದೆವು.

ನಿನ್ನೆ ಅಂಗಡಿಯಲ್ಲಿ ಕಿತ್ತಳೆಯ ಒಂದು ಚೀಲವನ್ನು ಕೌಂಟರಿನ ಮೇಲಿಟ್ಟೆ. ಅಲ್ಲಿದ್ದ ಹುಡುಗಿ ತಲೆಯೆತ್ತದೆ, ಹೇಗಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಐ ಆಮ್ ಫೈನ್," ಅಂದೆ.

ಒಂದು ಕ್ಷಣ ಹಾಗೇ ನಿಂತೆ. ಹಿಂದಿನಿಂದ ಯಾರೂ, "ತಪ್ಪು," ಅನ್ನಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದೆ.